ಗ್ರೀನ್ ಕಾರ್ಡ್ ಸರತಿ: ಯಾವ ಬಾಗಿಲು ತಟ್ಟಬೇಕು?

ಗ್ರೀನ್ ಕಾರ್ಡಿಗೆ ಯಾವ ತಾರೀಖಿನವರ ತನಕ ಸರದಿ ಬಂತು ಅಂತ ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ಹೇಳುವ ವೀಸಾ ಬುಲೆಟಿನ್ ಬರುವ ದಿನ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. "ಮೇಡಂ, ಡೇಟ್ ಮುಂದಕ್ಕೆ ಹೋಯ್ತಾ?" ಎಲ್ಲರದ್ದೂ ಅದೇ ಪ್ರಶ್ನೆ. ಅಮೆರಿಕದಲ್ಲಿ ವಲಸೆ ಕಾನೂನಿನ ಕೆಲಸ ಮಾಡುವ ನಮ್ಮಂಥವರಿಗೆ ಇದು ತಿಂಗಳ ಹಬ್ಬವೂ ಹೌದು, ತಿಂಗಳ ಸೂತಕವೂ ಹೌದು.

ಮೊನ್ನೆ ಒಬ್ಬರು ಹೆಂಡತಿ ಜೊತೆ ಆಫೀಸಿಗೆ ಬಂದಿದ್ದರು. ಅವರದು ಇಬಿ-2, ಅಂದರೆ ಉನ್ನತ ಪದವಿ ಇದ್ದವರ ಉದ್ಯೋಗ ವಿಭಾಗ. ಪ್ರಯಾರಿಟಿ ಡೇಟ್, ಅಂದರೆ ಸರತಿಯಲ್ಲಿ ಜಾಗ ಹಿಡಿದ ದಿನ, 2013ರ ಡಿಸೆಂಬರ್. "ಎಷ್ಟು ಖರ್ಚಾದರೂ ಸರಿ, ವಲಸೆ ಇಲಾಖೆ ಮೇಲೆ ಕೇಸ್ ಹಾಕಿ" ಅಂದರು. ನಾನು ಬೇಡ ಅಂದೆ. ಅವರಿಗೆ ಬೇಜಾರಾಯಿತು. ಆದರೆ ಆ ಕೇಸಿನಿಂದ ಅವರ ದುಡ್ಡು ಹೋಗುತ್ತಿತ್ತೇ ಹೊರತು ಒಂದು ದಿನವೂ ಮುಂದಕ್ಕೆ ಸರಿಯುತ್ತಿರಲಿಲ್ಲ.

ಕಾಯುವುದರಲ್ಲಿ ಎರಡು ಥರ ಇದೆ. ಡೇಟ್ ಕರೆಂಟ್ ಆಗಿದೆ, ಅಂದರೆ ಸರದಿ ಬಂದಿದೆ, ಬೆರಳಚ್ಚು ಕೊಟ್ಟಾಗಿದೆ, ಆದರೂ ಫೈಲು ಯಾರದೋ ಮೇಜಿನ ಮೇಲೆ ಕೂತಿದೆ ಅಂದರೆ ಅದು ಇಲಾಖೆ ಮಾಡುತ್ತಿರುವ ತಡ. ಅದಕ್ಕೆ ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ನಿಮ್ಮ ಕ್ಷೇತ್ರದ ಸದಸ್ಯರ ಕಚೇರಿಯ ಕೇಸ್‌ವರ್ಕರ್ ವಿಚಾರಣೆ ಕಳಿಸಬಹುದು, ಅದೂ ಆಗದಿದ್ದರೆ ಫೆಡರಲ್ ಕೋರ್ಟಿನಲ್ಲಿ ಮ್ಯಾಂಡಮಸ್, ಅಂದರೆ ತೀರ್ಮಾನ ಕೊಡಲು ಇಲಾಖೆಗೆ ಆದೇಶಿಸಿ ಅನ್ನುವ ಅರ್ಜಿ, ಹಾಕಬಹುದು. ಎಷ್ಟೋ ಸಲ ಕೆಲಸ ಆಗುತ್ತದೆ. ಆದರೆ ಡೇಟೇ ಬಂದಿಲ್ಲ ಅಂದರೆ ಅದು ಕಾನೂನು ಹಾಕಿದ ತಡೆ. ಯಾವ ಅಧಿಕಾರಿಗೆ ಮನಸ್ಸಿದ್ದರೂ ವರ್ಷದ ಕೋಟಾದಲ್ಲಿ ಇಲ್ಲದ ವೀಸಾ ನಂಬರ್ ಕೊಡಲಾರರು, ಕೋರ್ಟು ಕೊಡಿಸಲಾರದು. ಅದನ್ನು ಬದಲಿಸುವ ಕೈ ಒಂದೇ, ಅಮೆರಿಕದ ಕಾಂಗ್ರೆಸ್.

ಲೆಕ್ಕ ಒಮ್ಮೆ ನೋಡಿ. 1990ರ ಕಾಯ್ದೆ ಪ್ರಕಾರ ಉದ್ಯೋಗದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಇಬಿ-2ಗೆ ಸಿಗುವುದು ಸುಮಾರು 40,000. ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ 7, ಅಂದರೆ ಸುಮಾರು 2,800. ಬೇರೆಯವರು ಬಳಸದೆ ಬಿಟ್ಟಿದ್ದು ಬಂದರೆ ಸ್ವಲ್ಪ ಜಾಸ್ತಿ ಆಗಬಹುದು, ಅಷ್ಟೇ. ಈ 2,800ರಲ್ಲೇ ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲರೂ ಬರಬೇಕು. ನಾಲ್ಕು ಜನರ ಕುಟುಂಬ ಅಂತ ಹಿಡಿದರೆ 700 ಮನೆಗಳು! ಕಾಯುತ್ತಿರುವ ಭಾರತೀಯರು, ಮನೆಯವರನ್ನೂ ಸೇರಿಸಿ, 10 ಲಕ್ಷದ ಆಚೆ ಇದ್ದಾರೆ. ಈ ಅಂಕಿಗಳನ್ನು ಹೇಳಿದಾಗ ಮೇಜಿನ ಆಚೆ ಕಡೆ ಇಬ್ಬರೂ ಸುಮ್ಮನಾದರು.

ಆಮೇಲೆ ತಾಯಿ ಕೇಳಿದರು, "ಮಗಳ ಕಥೆ ಏನು?"

ಮಗಳಿಗೆ ಈಗ 19. ನಾಲ್ಕು ವರ್ಷದವಳಿದ್ದಾಗ ಬಂದವಳು. 21 ತುಂಬಿದ ದಿನ ಎಚ್-4, ಅಂದರೆ ಅಪ್ಪನ ಕೆಲಸದ ವೀಸಾ ಮೇಲೆ ಮಗಳಿಗೆ ಸಿಕ್ಕ ವೀಸಾ, ಮುಗಿಯುತ್ತದೆ. 21 ದಾಟಿದರೆ ಅಪ್ಪನ ಗ್ರೀನ್ ಕಾರ್ಡ್ ಅರ್ಜಿಯಲ್ಲೂ ಮಗು ಅಂತ ಲೆಕ್ಕಕ್ಕಿಲ್ಲ. ಹಾಗಾಗಿ ಮಕ್ಕಳ ವಯಸ್ಸು ಕಾಪಾಡಲು 2002ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ವೀಸಾ ನಂಬರ್ ಸಿಗುವ ದಿನ ಮಗುವಿಗೆ ಎಷ್ಟು ವಯಸ್ಸೋ, ಅದರಲ್ಲಿ ಐ-140, ಅಂದರೆ ಕಂಪನಿ ಹಾಕಿದ ಅರ್ಜಿ, ಎಷ್ಟು ದಿನ ಬಾಕಿ ಇತ್ತೋ ಅಷ್ಟನ್ನು ಕಳೆಯಬೇಕು. ನಾನು ಅವರ ಮಂಜೂರಾತಿ ಪತ್ರ ತೆಗೆದು ನೋಡಿದೆ. 2014ರಲ್ಲಿ ಕಂಪನಿಯವರು ಒಳ್ಳೆಯದಾಗಲಿ ಅಂತಲೇ ಬೇಗ ತೀರ್ಮಾನವಾಗಲು ಪ್ರೀಮಿಯಂ ಶುಲ್ಕ ಕಟ್ಟಿದ್ದರು, 11 ದಿನದಲ್ಲಿ ಮಂಜೂರಾಗಿತ್ತು. ಹಾಗಾಗಿ ಮಗಳಿಗೆ ಸಿಗುವ ರಿಯಾಯಿತಿ ಬರೀ 11 ದಿನ. ಆಗ ಫೈಲು ಒಂದು ವರ್ಷ ಧೂಳು ತಿಂದಿದ್ದರೆ ಒಂದು ವರ್ಷ ಸಿಗುತ್ತಿತ್ತು. ಪತ್ರದಲ್ಲಿದ್ದ ಎರಡು ತಾರೀಖುಗಳ ಮೇಲೆ ಆ ತಾಯಿ ಬೆರಳಿಟ್ಟು ದಿನ ಎಣಿಸುತ್ತಾ ಕೂತಿದ್ದು ನನಗೆ ಇನ್ನೂ ಮರೆಯಲು ಆಗುತ್ತಿಲ್ಲ.

2023ರಲ್ಲಿ ಇಲಾಖೆ ಈ ವಯಸ್ಸಿನ ಲೆಕ್ಕವನ್ನು ಬುಲೆಟಿನ್‌ನ ಇನ್ನೊಂದು ಪಟ್ಟಿಯ ಮೇಲೆ, ಅಂದರೆ ಅರ್ಜಿ ಹಾಕಲು ಬಿಡುವ ತಾರೀಖಿನ ಮೇಲೆ ಮಾಡಲು ಶುರು ಮಾಡಿತ್ತು. ಅದರಿಂದ ಕೆಲವು ಮಕ್ಕಳು ಉಳಿದುಕೊಂಡರು. 2025ರ ಆಗಸ್ಟ್‌ನಲ್ಲಿ ಅದನ್ನು ವಾಪಸ್ ಪಡೆದರು. ಇಲಾಖೆ ಕೊಟ್ಟಿದ್ದನ್ನು ಇಲಾಖೆಯೇ ಕಿತ್ತುಕೊಳ್ಳಬಹುದು. ಅದಕ್ಕೇ ನಾನು ಕಾಯ್ದೆ, ಕಾಯ್ದೆ ಅಂತ ಬಡಿದುಕೊಳ್ಳುವುದು.

ಕಾಯ್ದೆ ಹತ್ತಿರ ಬಂದೂ ಇತ್ತು. ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದಲ್ಲಿ ಪಾಸು ಮಾಡಿತು. ಎರಡನ್ನೂ ಒಂದು ಮಾಡುವಷ್ಟರಲ್ಲಿ ಆ ಕಾಂಗ್ರೆಸ್‌ನ ಅವಧಿ ಮುಗಿದುಹೋಯಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಮಿತಿ ಒಂದನ್ನೇ ಹಿಡಿದು ಕೂರುವುದು ಸಾಲದು. ಅದೊಂದನ್ನೇ ತೆಗೆದರೆ ಬೇರೆ ದೇಶದವರ ಸರತಿ ಉದ್ದವಾಗುತ್ತದೆ, ಅವರೂ ನಮ್ಮ ಹಾಗೇ ಸಂಸಾರಸ್ಥರು, ಅಲ್ವಾ? ನಾನು ಕೇಳಲು ಹೇಳುವುದು ಬೇರೆ. ಕುಟುಂಬದವರನ್ನು ಕೋಟಾದಲ್ಲಿ ಲೆಕ್ಕ ಹಿಡಿಯಬೇಡಿ, ಅರ್ಜಿದಾರರನ್ನು ಮಾತ್ರ ಎಣಿಸಿ. ಮಗುವಿನ ವಯಸ್ಸನ್ನು ಪ್ರಯಾರಿಟಿ ಡೇಟ್ ದಿನವೇ ನಿಲ್ಲಿಸಿ. ವ್ಯರ್ಥವಾದ ನಂಬರ್‌ಗಳನ್ನು ವಾಪಸ್ ಕೊಡಿ. ಈ ಕೊನೆಯದು ಹೊಸ ಬೇಡಿಕೆಯೇನೂ ಅಲ್ಲ, ಕಾಂಗ್ರೆಸ್ 2000ದಲ್ಲೂ 2005ರಲ್ಲೂ ಮಾಡಿದೆ. 2021ರ ಸೆಪ್ಟೆಂಬರ್ 30ಕ್ಕೆ 60,000ಕ್ಕೂ ಜಾಸ್ತಿ ಉದ್ಯೋಗ ಆಧಾರಿತ ನಂಬರ್‌ಗಳು ಬಳಕೆಯಾಗದೆ ಹೋದವು. ಅರ್ಜಿಗಳು ಇದ್ದವು, ಜನ ಇದ್ದರು, ಮುದ್ರೆ ಒತ್ತಲು ಸಮಯ ಸಾಲಲಿಲ್ಲ.

"ನಾವು ಓಟು ಹಾಕುವವರಲ್ಲ, ನಮ್ಮ ಮಾತು ಯಾರು ಕೇಳ್ತಾರೆ?" ಅಂತ ಎಲ್ಲರೂ ಪ್ರಶ್ನಿಸುತ್ತಾರೆ. ಕೇಳುತ್ತಾರೆ. ಆ ಕ್ಷೇತ್ರದಲ್ಲಿ ನೀವು ವಾಸ ಇದ್ದೀರಿ, ತೆರಿಗೆ ಕಟ್ಟುತ್ತೀರಿ, ಅಲ್ಲಿನ ಕಾಂಗ್ರೆಸ್ ಸದಸ್ಯರು ನಿಮ್ಮ ಪ್ರತಿನಿಧಿ. 2007ರ ಜುಲೈ ನೆನಪಿದೆಯಾ? ಉದ್ಯೋಗ ವಿಭಾಗದ ಹೆಚ್ಚುಕಮ್ಮಿ ಎಲ್ಲ ಡೇಟೂ ಕರೆಂಟ್ ಅಂತ ಹೇಳಿ, ಜನ ರಾತ್ರಿ ಹಗಲು ಕಾಗದ ಜೋಡಿಸಿದ ಮೇಲೆ ಜುಲೈ 2ಕ್ಕೆ ನಂಬರ್ ಖಾಲಿ ಅಂದುಬಿಟ್ಟರು. ಆಗ ನಮ್ಮವರು ಇಲಾಖೆ ಮುಖ್ಯಸ್ಥರಿಗೆ ನೂರಾರು ಹೂಗುಚ್ಛ ಕಳಿಸಿದರು, ಗಾಂಧಿಗಿರಿ. ಆ ಹೂವುಗಳನ್ನು ಗಾಯಗೊಂಡ ಸೈನಿಕರಿದ್ದ ಆಸ್ಪತ್ರೆಗೆ ಕಳಿಸಲಾಯಿತು. ಒತ್ತಡ ಎಲ್ಲ ಕಡೆಯಿಂದ ಬಂತು, ಕೋರ್ಟಿನ ಭಯವೂ ಇತ್ತು. ಜುಲೈ 17ಕ್ಕೆ ತೀರ್ಮಾನ ಬದಲಾಯಿತು, ಆಗಸ್ಟ್ 17ರ ತನಕ ಅರ್ಜಿ ತೆಗೆದುಕೊಂಡರು.

ಆ ದಂಪತಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವಾಷಿಂಗ್ಟನ್‌ಗೆ ಹೋಗಬೇಕಿಲ್ಲ, ನಿಮ್ಮೂರಿನ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ. ಕೇಸ್‌ವರ್ಕರ್ ಬೇಡ, ವಲಸೆ ಮಸೂದೆಗಳನ್ನು ನೋಡಿಕೊಳ್ಳುವವರ ಜೊತೆ ಭೇಟಿ ಬೇಕು ಅಂತ ಬಿಡಿಸಿ ಹೇಳಿ. ಆ ಮೇಜಿನ ಆಚೆ ಇರುವವರಿಗೆ ವಯಸ್ಸು ಬಹುಶಃ 25 ಇರುತ್ತದೆ, ಪ್ರಯಾರಿಟಿ ಡೇಟ್ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ, ಅರ್ಜಿ ಹಾಕಿದರೆ ಐದು ವರ್ಷಕ್ಕೆ ಕಾರ್ಡ್ ಬರುತ್ತದೆ ಅಂದುಕೊಂಡಿರುತ್ತಾರೆ. ಹತ್ತು ಪುಟದ ಮನವಿ ಯಾರೂ ಓದುವುದಿಲ್ಲ. ಒಂದೇ ಹಾಳೆ ಸಾಕು. ಮೇಲೆ ನಿಮ್ಮ ಪ್ರಯಾರಿಟಿ ಡೇಟ್, ಅದರ ಕೆಳಗೆ ಮಗಳ ಹುಟ್ಟಿದ ದಿನ, ಅದರ ಕೆಳಗೆ ಅವಳಿಗೆ 21 ತುಂಬುವ ದಿನ. ಕೊನೆಗೆ ಒಂದೇ ಬೇಡಿಕೆ. ಮಗಳನ್ನೂ ಕರೆದುಕೊಂಡು ಹೋಗಿ, ಮಾತು ಅವಳೇ ಆಡಲಿ.

ಅವರ ಭೇಟಿ ಮುಂದಿನ ಮಂಗಳವಾರ ಇದೆ. ಹಾಳೆ ಮಗಳೇ ಟೈಪ್ ಮಾಡಿ ನನಗೆ ಕಳಿಸಿದ್ದಾಳೆ. ನಾನು ಒಂದು ತಾರೀಖು ತಿದ್ದಿ ವಾಪಸ್ ಕಳಿಸಿದೆ. 21 ತುಂಬುವ ದಿನಕ್ಕೆ ಆ 11 ದಿನ ಸೇರಿಸುವುದನ್ನು ಅವಳು ಮರೆತಿದ್ದಳು.