ಮಾನ್‌ಸ್ಟರ್ ಅಕಾಡೆಮಿ ಫ್ಯಾನ್ ಗೇಮ್‌ಗಳು ಯಾಕೆ ಅರ್ಧಕ್ಕೇ ನಿಂತೋಗ್ತವೆ?

ಪ್ರಶ್ನೆ: ಪೋಕೆಮಾನ್ ಲೋಕದ ಒಂದು ಅಕಾಡೆಮಿ ಮೇಲೆ ಫ್ಯಾನ್ಸ್ ಮಾಡಿರೋ ವಿಷುಯಲ್ ನಾವೆಲ್, ಅಂದ್ರೆ ಚಿತ್ರಗಳ ಜೊತೆ ಕಥೆ ಓದ್ತಾ ಹೋಗೋ ಆಟ, ಆಡ್ತಾ ಇದೀನಿ. ಸಖತ್ತಾಗಿದೆ, ಆದ್ರೆ ಎರಡು ವರ್ಷದಿಂದ ಮೊದಲ ಸೆಮಿಸ್ಟರ್ ದಾಟಿಲ್ಲ. ಇದಕ್ಕೂ ಮುಂಚೆ ಆಡಿದ್ದೂ ಹಿಂಗೇ ನಿಂತೋಯ್ತು. ಇವ್ರು ಯಾಕೆ ಮುಗಿಸಲ್ಲ? ಕಂಪನಿಯವ್ರು ನೋಟಿಸ್ ಕೊಡ್ತಾರಾ, ಇಲ್ಲ ಮಾಡೋರಿಗೇ ಸಾಕಾಗೋಗುತ್ತಾ?

ಉತ್ತರ: ನೋಟಿಸ್ ಬಂದು ನಿಂತಿದ್ದು ಇವೆ, ಅವು ದೊಡ್ಡ ಸುದ್ದಿ ಆಗಿದ್ರಿಂದ ಎಲ್ಲಾದಕ್ಕೂ ಅದೇ ಕಾರಣ ಅನ್ಸುತ್ತೆ. ಆದ್ರೆ ನಾನು ನೋಡಿದ ಮಟ್ಟಿಗೆ ಜಾಸ್ತಿ ಆಟಗಳು ಯಾವ ನೋಟಿಸೂ ಇಲ್ದೆ, ಸದ್ದಿಲ್ದೆ ನಿಲ್ತವೆ. ಅದಕ್ಕೆ ಸೋಮಾರಿತನ ಕಾರಣ ಅಲ್ಲ. ಅಕಾಡೆಮಿ, ಟ್ರೈನಿಂಗು, ಗೆಳೆತನ ಮೂರನ್ನೂ ಒಂದೇ ಆಟದಲ್ಲಿ ಹಾಕ್ದಾಗ ಬರೋ ಲೆಕ್ಕ ಇದ್ಯಲ್ಲ, ಅದು ಮೊದಲ ದಿನ ಯಾರ ಕಣ್ಣಿಗೂ ಬೀಳಲ್ಲ, ಆರು ತಿಂಗಳಾದ್ಮೇಲೆ ಒಟ್ಟಿಗೇ ಮೈಮೇಲೆ ಬೀಳುತ್ತೆ.

ಶುರು ಮಾಡೋದು ಮಾತ್ರ ತುಂಬಾ ಸುಲಭ. ಇಂಥ ಆಟಗಳಲ್ಲಿ ತುಂಬಾನೇ ಬಳಕೆಲಿರೋ ಸಾಫ್ಟ್‌ವೇರ್ ರೆನ್‌ಪೈ, ಟಾಮ್ ರಾಥಮೆಲ್ ಅನ್ನೋರು ಮಾಡಿದ್ದು, 2004ರಿಂದ ಇದೆ, ಪೂರ್ತಿ ಉಚಿತ. ಪಾತ್ರದ ಹೆಸರು ಬರೆದು ಪಕ್ಕದಲ್ಲಿ ಮಾತು ಬರೆದ್ರೆ ಅದು ಡೈಲಾಗ್, ಮೆನು ಅಂತ ಬರೆದು ಕೆಳಗೆ ಎರಡು ಸಾಲು ಹಾಕಿದ್ರೆ ಅದು ಆಯ್ಕೆ, ಜಂಪ್ ಅಂದ್ರೆ ಇನ್ನೊಂದು ಸೀನ್‌ಗೆ ಹೋಗುತ್ತೆ. ಕೋಡಿಂಗ್ ಗೊತ್ತಿಲ್ದೇ ಇರೋರೂ ಒಂದು ಸಂಜೆಯಲ್ಲಿ ಮೊದಲ ಸೀನ್ ಓಡಿಸಬಹುದು, ಹಾಸ್ಟೆಲ್ ರೂಮು, ಹೊಸ ರೂಮ್‌ಮೇಟು, ಮೇಜಿನ ಮೇಲೆ ಒಂದು ಮೊಟ್ಟೆ. ಆ ಸಂಜೆಯ ಖುಷಿ ನಂಗೂ ಗೊತ್ತು, ನಾನು ಬರೆದ ಪಾತ್ರ ಸ್ಕ್ರೀನ್ ಮೇಲೆ ನನ್ನ ಜೊತೆ ಮಾತಾಡ್ತು ಅನ್ನೋದು ಸಣ್ಣ ವಿಷಯ ಅಲ್ಲ.

ಬರೀ ವಿಷುಯಲ್ ನಾವೆಲ್ ಅಂದ್ರೆ ಅದೊಂದು ಮರ ಇದ್ದಂಗೆ, ಕೊಂಬೆ ಎಷ್ಟು ಬೇಕು ಅಂತ ಬರೆಯೋರೇ ತೀರ್ಮಾನ ಮಾಡಬಹುದು. ಟ್ರೈನಿಂಗ್ ಅಕಾಡೆಮಿ ಆಟ ಹಂಗಲ್ಲ, ಅದು ಕ್ಯಾಲೆಂಡರ್. ದಿನಾ ಬೆಳಗ್ಗೆ, ಮಧ್ಯಾಹ್ನ, ಸಂಜೆ ಏನ್ ಮಾಡ್ತೀಯ ಅಂತ ಆಟ ಕೇಳುತ್ತೆ, ಕ್ಲಾಸಿಗೆ ಹೋಗ್ತೀಯೋ, ಮೈದಾನದಲ್ಲಿ ಪ್ರಾಕ್ಟೀಸ್ ಮಾಡ್ತೀಯೋ, ಲೈಬ್ರರಿಗೋ, ಫ್ರೆಂಡ್ ಜೊತೆ ಊರೊಳಗೋ. ಈ ರೂಪ ಜಪಾನ್ ಆಟಗಳದ್ದು. 1991ರ ಪ್ರಿನ್ಸೆಸ್ ಮೇಕರ್‌ನಲ್ಲಿ ಒಬ್ಬ ಹುಡುಗಿಯನ್ನ ವರ್ಷಗಟ್ಟಲೆ ಬೆಳೆಸಬೇಕು, 1994ರ ಟೊಕಿಮೆಕಿ ಮೆಮೋರಿಯಲ್‌ನಲ್ಲಿ ಹೈಸ್ಕೂಲಿನ ಮೂರು ವರ್ಷ ಓದು, ಆಟ, ಸ್ನೇಹ ಎಲ್ಲಾ ತೂಗಿಸ್ಕೊಂಡು ಹೋಗಬೇಕು. ಫ್ಯಾನ್ಸ್ ಆ ಕ್ಯಾಲೆಂಡರ್ ತಗೊಂಡು 1996ರಲ್ಲಿ ಶುರುವಾದ ಪೋಕೆಮಾನ್ ಲೋಕದ ಒಳಗೆ ಕೂರಿಸ್ತಾರೆ. ಕಂಪನಿಯೇ 2022ರ ಸ್ಕಾರ್ಲೆಟ್ ಮತ್ತೆ ವಯಲೆಟ್ ಅನ್ನೋ ಆಟಗಳಲ್ಲಿ ಆಟದ ಕೇಂದ್ರದಲ್ಲೇ ಒಂದು ಅಕಾಡೆಮಿ ಇಡ್ತು, ಆದ್ರೆ ಅಲ್ಲಿ ಹಾಸ್ಟೆಲ್ ಜೀವನ ಕಮ್ಮಿ, ತಿರುಗಾಟ ಜಾಸ್ತಿ. ರಾತ್ರಿ ಹನ್ನೊಂದಕ್ಕೆ ಲೈಟ್ ಆಫ್ ಆದ್ಮೇಲೆ ರೂಮ್‌ಮೇಟ್ ಜೊತೆ ಪಿಸುಗುಟ್ಟೋದು, ಪರೀಕ್ಷೆ ಹಿಂದಿನ ದಿನದ ಭಯ, ಸೋತ ಮೇಲೆ ಪಾರ್ಟ್ನರ್ ಮಾನ್‌ಸ್ಟರ್, ಅಂದ್ರೆ ಜೊತೆಗಿರೋ ಪೋಕೆಮಾನ್ ಪಕ್ಕ ಸುಮ್ನೆ ಕೂತ್ಕೊಳ್ಳೋದು, ಇಂಥದ್ದು ಬೇಕು ಅನ್ನೋರು ಫ್ಯಾನ್ ಗೇಮ್‌ಗೇ ಬರಬೇಕು. ಅದಕ್ಕೇ ನಂಗೆ ಈ ಆಟಗಳ ಮೇಲೆ ಅಷ್ಟು ಪ್ರೀತಿ.

ಈಗ ಲೆಕ್ಕ ನೋಡಿ. ದಿನಕ್ಕೆ 3 ಹೊತ್ತು, ಒಂದೊಂದು ಹೊತ್ತಿಗೆ 4 ಆಯ್ಕೆ ಅಂದ್ರೆ ಒಂದು ದಿನಕ್ಕೇ 64 ದಾರಿ. ಒಂದು ವಾರಕ್ಕೆ 4 ಲಕ್ಷ ಕೋಟಿಗೂ ಮೇಲೆ. ಅಷ್ಟನ್ನೂ ಯಾರೂ ಬರೆಯಲ್ಲ, ಸರಿ, ಬರೆಯೋದು ಸೀನ್‌ಗಳನ್ನ ಮಾತ್ರ. ಆದ್ರೆ ಆಡೋರು ಯಾವ ಸ್ಥಿತಿಲಿ ಆ ಸೀನ್‌ಗೆ ಬಂದು ನಿಲ್ತಾರೆ ಅಂತ ಬರೆಯೋರಿಗೆ ಗೊತ್ತಿರಲ್ಲ, ತೊಂದರೆ ಇರೋದು ಅಲ್ಲೇ.

ಒಬ್ಬ ಫ್ರೆಂಡ್‌ನ ಪ್ರಾಜೆಕ್ಟ್‌ಗೆ ನಾನು ಸ್ವಲ್ಪ ದಿನ ಡೈಲಾಗ್ ಬರೆದುಕೊಟ್ಟಿದ್ದೆ, ಅದರಲ್ಲಿ ಒಂದು ಕ್ಯಾಂಟೀನ್ ಸೀನ್. ಕ್ಲಾಸ್‌ಮೇಟ್ ಹುಡುಗಿ ತಟ್ಟೆ ಹಿಡ್ಕೊಂಡು ಬಂದು ಎದುರು ಕೂತ್ಕೋತಾಳೆ, ಅಷ್ಟೊತ್ತಿಗೆ ನಮ್ಮ ಪಾರ್ಟ್ನರ್ ಮಾನ್‌ಸ್ಟರ್ ಸೀನುತ್ತೆ. ಹತ್ತು ಸಾಲಿನ ಸೀನ್ ಅಷ್ಟೇ. ಪಾರ್ಟ್ನರ್ ಬೆಂಕಿ ಜಾತಿದಾದ್ರೆ ಟಿಶ್ಯೂ ಪೇಪರ್ ಸುಟ್ಟೋಗುತ್ತೆ, ನೀರಿನದ್ದಾದ್ರೆ ಸಾರು ತುಂಬಿ ಹರಿಯುತ್ತೆ, ಗಿಡದ್ದಾದ್ರೆ ತಟ್ಟೆ ತುಂಬಾ ಪರಾಗ. ಅಲ್ಲಿಗೆ 3. ಆ ಹುಡುಗಿ ಜೊತೆ ಸ್ನೇಹ ಕಮ್ಮಿ, ಪರವಾಗಿಲ್ಲ, ಗಾಢ ಅಂತ ಮೂರು ಮಟ್ಟ, ಅಲ್ಲಿಗೆ 9. ಹಿಂದಿನ ದಿನದ ಪ್ರಾಕ್ಟೀಸ್ ಮ್ಯಾಚಲ್ಲಿ ಅವಳ ಎದುರು ಗೆದ್ದಿದ್ವಾ ಸೋತಿದ್ವಾ, 18. ಹತ್ತು ಸಾಲಿಗೆ 18 ರೂಪ! ಬರೆಯುವಾಗ ಜಾಣತನದಿಂದ ಐದಾರಕ್ಕೆ ಇಳಿಸಬಹುದು, ಆದ್ರೆ ಟೆಸ್ಟ್ ಮಾಡೋವಾಗ 18ನ್ನೂ ಒಂದ್ಸಲ ಆಡಿ ನೋಡ್ಲೇಬೇಕು, ಇಲ್ಲಾಂದ್ರೆ ನಿನ್ನೆ ಸೋತು ಅತ್ತಿದ್ದ ಹುಡುಗಿ ಇವತ್ತು ಬಂದು "ನಿನ್ನೆ ಚೆನ್ನಾಗಿ ಗೆದ್ದೆ ಅಲ್ವಾ ನಾನು" ಅಂತಾಳೆ. ನಮ್ಮಲ್ಲಿ ನಿಜವಾಗ್ಲೂ ಹಂಗೇ ಆಯ್ತು, ಅದನ್ನ ಹುಡುಕಿ ಸರಿ ಮಾಡೋಕೆ ಒಂದು ಶನಿವಾರ ಪೂರ್ತಿ ಹೋಯ್ತು.

ಚಿತ್ರದ ಕಥೆನೂ ಇದೇ. ಮಾನ್‌ಸ್ಟರ್‌ಗಳ ಚಿತ್ರ ಮೊದಲೇ ಇರೋ ಆಟಗಳಿಂದ ಬರುತ್ತೆ, ಆದ್ರೆ ವಿದ್ಯಾರ್ಥಿಗಳನ್ನ ಯಾರಾದ್ರೂ ಹೊಸದಾಗಿ ಬರೀಬೇಕು. ಒಬ್ಬರಿಗೆ 2 ಭಂಗಿ, 2 ಡ್ರೆಸ್, 8 ಮುಖಭಾವ ಅಂದ್ರೆ 32 ಚಿತ್ರ, 12 ಜನ ಕ್ಲಾಸ್‌ಮೇಟ್ಸ್‌ಗೆ 384. ರೆನ್‌ಪೈನಲ್ಲಿ ಲೇಯರ್ಡ್ ಇಮೇಜ್ ಅಂತ ಒಂದಿದೆ, ಮೈ, ಬಟ್ಟೆ, ಮುಖ ಬೇರೆ ಬೇರೆ ಇಟ್ಟು ಒಂದರ ಮೇಲೊಂದು ಕೂರಿಸೋದು. ಹಂಗೆ ಮಾಡಿದ್ರೆ ಒಂದು ಹೊಸ ಡ್ರೆಸ್‌ಗೆ 16 ಚಿತ್ರ ಮತ್ತೆ ಬರೆಯೋದು ಬೇಡ, ಭಂಗಿಗೊಂದು ಅಂತ 2 ಬಟ್ಟೆ ಸಾಕು. ಇದನ್ನ ಮೊದಲ ದಿನವೇ ಮಾಡ್ಕೊಂಡವರು ಉಳೀತಾರೆ, ಆರ್ಟಿಸ್ಟ್ ನೂರು ಚಿತ್ರ ಕೊಟ್ಟಾದ್ಮೇಲೆ ಗೊತ್ತಾದವರು ಎಲ್ಲಾ ಒಡೆದು ಮತ್ತೆ ಕಟ್ಟಬೇಕಾಗುತ್ತೆ.

ಈ ಮತ್ತೆ ಕಟ್ಟೋದೇ ದೊಡ್ಡ ಗುಂಡಿ. ಎರಡು ವರ್ಷ ಬರೆದ್ಮೇಲೆ ಕೈ ಪಳಗಿರುತ್ತೆ, ಆಗ ಮೊದಲ ಅಧ್ಯಾಯ ತೆಗೆದು ನೋಡಿದ್ರೆ ನಾಚಿಕೆ ಆಗುತ್ತೆ, ಇದನ್ನ ಚೆನ್ನಾಗಿ ಬರೆದುಬಿಡೋಣ ಅಂತ ಶುರು ಮಾಡ್ತಾರೆ, ಅದು ಮುಗಿಯೋ ಹೊತ್ತಿಗೆ ಇನ್ನೂ ಒಂದು ವರ್ಷ ಆಗಿರುತ್ತೆ, ಎರಡನೇ ಸೆಮಿಸ್ಟರ್ ಅಲ್ಲೇ ಇರುತ್ತೆ. ನಿಮ್ಮ ಆಟಕ್ಕೂ ಇದೇ ಆಗಿರೋ ಸಾಧ್ಯತೆ ಜಾಸ್ತಿ. ಆಡೋರು ಉಳಿಸಿಟ್ಟ ಹಳೇ ಸೇವ್ ಕೆಡೋದೂ ಇಲ್ಲೇ. ರೆನ್‌ಪೈನಲ್ಲಿ ಸ್ನೇಹದ ಅಂಕ ಥರದ್ದನ್ನ ಡೀಫಾಲ್ಟ್ ಅನ್ನೋ ಪದ ಹಾಕಿ ಘೋಷಿಸಿದ್ರೆ, ಹಳೇ ಸೇವ್ ತೆರೆದಾಗ್ಲೂ ಹೊಸ ಪಾತ್ರದ ಅಂಕ ಸೊನ್ನೆಯಿಂದ ತಾನಾಗೇ ಸೇರ್ಕೊಳ್ಳುತ್ತೆ. ಅದು ಬಿಟ್ಟು ಕಥೆ ಶುರುವಾಗೋ ಜಾಗದಲ್ಲೇ ಅಂಕ ಕೊಟ್ಟಿದ್ರೆ, ಹಳೇ ಸೇವ್ ಆ ಜಾಗ ದಾಟಿ ಬಂದಾಗಿದೆ, ಹೊಸ ಪಾತ್ರ ಮಾತಾಡಿದ ತಕ್ಷಣ ಬೂದು ಬಣ್ಣದ ಎರರ್ ಪರದೆ ಬರುತ್ತೆ. ಒಂದು ಪದದ ವ್ಯತ್ಯಾಸ, ಆಡೋರ ಇಪ್ಪತ್ತು ಗಂಟೆ ಹೋಗುತ್ತೆ, ಆಮೇಲೆ ಬೈಗುಳ ಬರುತ್ತೆ, ಸಂಬಳ ಇಲ್ದೆ ರಾತ್ರಿ ಹೊತ್ತು ಕೆಲಸ ಮಾಡ್ತಿರೋರು ಆ ಬೈಗುಳ ಎಷ್ಟು ದಿನ ತಡ್ಕೋತಾರೆ ಹೇಳಿ.

ಇನ್ನು ನೋಟಿಸ್ ವಿಷಯ. ಪೋಕೆಮಾನ್ ಯುರೇನಿಯಂ ಅನ್ನೋ ಫ್ಯಾನ್ ಗೇಮ್, ಇದು ವಿಷುಯಲ್ ನಾವೆಲ್ ಅಲ್ಲ, ಪೂರ್ತಿ ಆಟ, ಒಂಬತ್ತು ವರ್ಷ ಕೂತು ಮಾಡಿ 2016ರ ಆಗಸ್ಟ್‌ನಲ್ಲಿ ಬಿಟ್ರು. ಸ್ವಲ್ಪೇ ದಿನದಲ್ಲಿ 15 ಲಕ್ಷ ಡೌನ್‌ಲೋಡ್ ಆಯ್ತು, ಪೋಕೆಮಾನ್ ಆಟಗಳನ್ನ ಹೊರತರೋ ನಿಂಟೆಂಡೋ ಕಡೆಯ ವಕೀಲರಿಂದ ಕಾಪಿರೈಟ್ ನೋಟಿಸ್ ಹೋದ್ಮೇಲೆ ಮಾಡಿದವರೇ ಲಿಂಕ್ ತೆಗೆದ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಪೋಕೆಮಾನ್ ಪ್ರಿಸಂ ಬಿಡುಗಡೆಗೆ ಸ್ವಲ್ಪ ದಿನ ಇದೆ ಅನ್ನುವಾಗ ನಿಂತೋಯ್ತು. ಆಟ ಉಚಿತ ಕೊಟ್ರೆ ತೊಂದರೆ ಇಲ್ಲ ಅಂತ ತುಂಬಾ ಜನ ನಂಬಿದಾರೆ, ಅದು ತಪ್ಪು. ಯುರೇನಿಯಂ ಉಚಿತವೇ ಆಗಿತ್ತು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆ, ವಿಮರ್ಶೆ, ಸುದ್ದಿ ಥರದ್ದಕ್ಕೆ ವಿನಾಯಿತಿ ಕೊಡುತ್ತೆ, ದುಡ್ಡು ತಗೊಂಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಬೇರೆಯವರ ಪಾತ್ರ ಹಂಚಬಹುದು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ದುಡ್ಡು ಎತ್ತಿದ್ರಂತೂ ಕಂಪನಿ ಕಣ್ಣು ಬೇಗ ಬೀಳುತ್ತೆ, ಪೋಕೆಮಾನ್ ಕಂಪನಿಯ ಕಾನೂನು ವಿಭಾಗದಲ್ಲಿ ಮುಖ್ಯಸ್ಥರಾಗಿದ್ದವರೇ ಕೆಲಸ ಬಿಟ್ಟ ಮೇಲೆ ಈ ಅರ್ಥದ ಮಾತು ಹೇಳಿದಾರೆ. ಇದರ ಫಲ ಏನಂದ್ರೆ, ಆರ್ಟಿಸ್ಟ್‌ಗೆ ಕೊಡೋಕೆ ದುಡ್ಡು ಎತ್ತೋಹಂಗಿಲ್ಲ, ದುಡ್ಡಿಲ್ದೆ ಆರ್ಟಿಸ್ಟ್ ಎರಡು ವರ್ಷ ಉಳಿಯಲ್ಲ. ನೋಟಿಸ್ ಬರದೇ ಇದ್ರೂ ನೋಟಿಸಿನ ಭಯ ಆಟನ ಹಿಂಗೆ ಸುತ್ತಿ ಬಳಸಿ ನಿಲ್ಲಿಸುತ್ತೆ.

ಹಂಗಾದ್ರೆ ಮುಗಿಸಿದವರು ಯಾರೂ ಇಲ್ವಾ? ಇದಾರೆ, ಅವರು ಹೆಂಗೆ ಮುಗಿಸಿದ್ರು ಅಂತ ನೋಡಿದ್ರೆ ಎಲ್ಲಾ ಅರ್ಥ ಆಗುತ್ತೆ. ಕತಾವಾ ಶೋಜೊ, ಅಂಗವೈಕಲ್ಯ ಇರೋ ವಿದ್ಯಾರ್ಥಿಗಳ ಶಾಲೆ ಕಥೆ, ದೊಡ್ಡವರಿಗೆ ಮಾತ್ರ ಅನ್ನೋ ಭಾಗಗಳೂ ಇವೆ, ಬೇರೆ ಬೇರೆ ದೇಶದ ಹವ್ಯಾಸಿಗಳು ಆನ್‌ಲೈನಲ್ಲೇ ಸೇರಿ ರೆನ್‌ಪೈನಲ್ಲಿ ಮಾಡಿದ್ದು. 2007ರಲ್ಲಿ ತಂಡ ಆಯ್ತು, 2009ರಲ್ಲಿ ಮೊದಲ ಭಾಗ ಬಿಟ್ರು, 2012ರ ಜನವರಿಯಲ್ಲಿ ಪೂರ್ತಿ ಆಟ, ಉಚಿತವಾಗಿ. ಐದೇ ರೂಟ್, ಅಂದ್ರೆ ಒಂದೊಂದು ಪಾತ್ರದ ಜೊತೆ ಸಾಗೋ ಕಥೆಯ ದಾರಿ, ಒಂದೊಂದಕ್ಕೆ ಒಬ್ಬೊಬ್ಬ ಬರಹಗಾರ, ದಿನಚರಿ ಕ್ಯಾಲೆಂಡರ್ ಇಲ್ಲ, ಪಾತ್ರಗಳು ಇನ್ನೊಂದು ಕಂಪನಿ ಆಟದಿಂದ ಎತ್ತಿದ್ದಲ್ಲ. ಅಷ್ಟಿದ್ದೂ ಐದು ವರ್ಷ ಹಿಡೀತು. ಜಪಾನ್‌ನ ಹಿಗುರಾಶಿ ಅನ್ನೋ ವಿಷುಯಲ್ ನಾವೆಲ್ ಇನ್ನೂ ಚೆನ್ನಾದ ಉದಾಹರಣೆ. 2002ರಿಂದ 2006ರ ತನಕ ಎಂಟು ಕಂತು, ಆಡೋರಿಗೆ ಆಯ್ಕೆನೇ ಇಲ್ಲ, ಸುಮ್ನೆ ಓದ್ತಾ ಹೋಗಬೇಕು, ಚಿತ್ರಗಳನ್ನ ಬರಹಗಾರರೇ ಬರೆದಿದ್ದು, ಕೈಬೆರಳು ಕೂಡ ಸರಿಯಾಗಿ ಬಂದಿಲ್ಲ. ಆದ್ರೂ ಜನ ಮುಂದಿನ ಕಂತಿಗೆ ಕಾಯ್ತಿದ್ರು, ಕಥೆ ಅಷ್ಟು ಬಿಗಿಯಾಗಿತ್ತು.

ಇದನ್ನೇ ಕನ್ನಡದಲ್ಲಿ ಮಾಡಬಹುದಾ ಅಂತ ಕೇಳೋರೂ ಇರ್ತಾರೆ, ಅವರಿಗೆ ಎರಡು ಮಾತು. ರೆನ್‌ಪೈ ಜೊತೆ ಬರೋ ಫಾಂಟಲ್ಲಿ ಕನ್ನಡ ಇಲ್ಲ, ಬರೀ ಚೌಕ ಚೌಕ ಕಾಣುತ್ತೆ, ನೋಟೋ ಸಾನ್ಸ್ ಕನ್ನಡ ಥರದ ಮುಕ್ತ ಫಾಂಟ್ ಗೇಮ್ ಫೋಲ್ಡರ್‌ಗೆ ಹಾಕಿ ಅದರ ಹೆಸರು ಸೆಟ್ಟಿಂಗ್‌ನಲ್ಲಿ ಕೊಡಬೇಕು. ಹಳೇ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದು ಕಾಣ್ತಿತ್ತು, ಈಚಿನವುಗಳಲ್ಲಿ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಸೇರಿದೆ, ಹಾಗಾಗಿ ಹೊಸದನ್ನೇ ಇಳಿಸ್ಕೊಳ್ಳಿ.

ಇನ್ನೊಂದು ಭಾಷೆದೇ ವಿಷಯ, ನಂಗೆ ತುಂಬಾ ಇಷ್ಟವಾದದ್ದು. ಆಡೋರೇ ಹೆಸರು ಕೊಟ್ಟು, ಹುಡುಗ ಹುಡುಗಿ ಅಂತ ಆರಿಸ್ಕೊಳ್ಳೋ ಆಟಗಳಿವೆ. ಇಂಗ್ಲಿಷಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಹೀ, ಶೀ ನೋಡ್ಕೊಂಡ್ರೆ ಮುಗೀತು, ಕ್ರಿಯಾಪದ ಬದಲಾಗಲ್ಲ. ಕನ್ನಡದಲ್ಲಿ ಓಡಿ ಬಂದನೋ ಬಂದಳೋ ಹೇಳಬೇಕು, ಹೆಸರಿನ ಮುಂದೆ ಪ್ರತ್ಯಯನೂ ಬೇರೆ ಬೇರೆ, ರವಿಗೆ ಅಂತೀವಿ, ರಾಮನಿಗೆ ಅಂತೀವಿ. ಆಗ 18 ರೂಪದ ಸೀನ್ 36 ಆಗುತ್ತೆ. ಆದ್ರೆ ಕನ್ನಡವೇ ಒಂದು ದಾರಿನೂ ಇಟ್ಟಿದೆ. ನಾನು ಬಂದೆ, ನೀನು ಬಂದೆ, ಇಲ್ಲಿ ಗಂಡು ಹೆಣ್ಣಿನ ಗುರುತೇ ಇಲ್ಲ. ಕಥೆನ ನಾನು ಅಂತಲೇ ಹೇಳಿ, ಕ್ಲಾಸ್‌ಮೇಟ್ಸ್ ನೀನು ಅಂತಲೇ ಮಾತಾಡ್ಸಿ, ಪ್ರೊಫೆಸರ್‌ಗೆ ಹೆಂಗೂ ಬಂದ್ರು ಹೋದ್ರು ಅಂತಲೇ ಹೇಳ್ತೀವಿ. ಒಂದೇ ಸ್ಕ್ರಿಪ್ಟ್ ಎಲ್ಲರಿಗೂ ಸಾಕು.

ನಿಮ್ಮ ಆಟದ ವಿಷಯಕ್ಕೆ ಬರೋಣ. ಅದರ ಹಿಂದಿನ ಮೂರು ನಾಲ್ಕು ಅಪ್‌ಡೇಟ್‌ಗಳ ಜೊತೆ ಏನೇನು ಬದಲಾಯ್ತು ಅನ್ನೋ ಪಟ್ಟಿ ಇರುತ್ತಲ್ಲ, ಅದನ್ನ ನಿಧಾನಕ್ಕೆ ಓದಿ. ಹೊಸ ಕ್ಲಾಸ್‌ಮೇಟ್ ಬಂದ್ಲು, ಮೆನು ಬಣ್ಣ ಬದಲಾಯ್ತು, ಮೊದಲ ದಿನದ ಸೀನ್ ಮತ್ತೆ ಬರೆದ್ವಿ, ಬರೀ ಇಂಥದ್ದೇ ಇದ್ರೆ ಆಟ ಅಗಲ ಆಗ್ತಿದೆ, ಮುಂದೆ ಹೋಗ್ತಿಲ್ಲ. ಸೆಮಿಸ್ಟರ್ ಪರೀಕ್ಷೆ ಸೀನ್ ಮುಗೀತು, ರಜೆಗೆ ಊರಿಗೆ ಹೋಗೋ ಬಸ್ ಸೀನ್ ಬರೀತಿದೀವಿ, ಎರಡು ಪಾತ್ರಗಳ ರೂಟ್ ಕೈಬಿಟ್ವಿ ಕ್ಷಮಿಸಿ ಅಂತ ಇದ್ರೆ, ಅದರಲ್ಲೂ ಆ ಕೊನೇ ಸಾಲು ಇದ್ರೆ, ಬೇಜಾರು ಮಾಡ್ಕೋಬೇಡಿ, ಕಾಯಿರಿ.