ತೊಟ್ಟು ಯಾವುದೆಂದು ಮೊಗ್ಗು ಹೇಳುತ್ತದೆ

ಬೇವಿನ ಒಂದು ಎಲೆ ಕೊಡಿ ಎಂದರೆ ರಾಯಚೂರಿನಲ್ಲಿ ಯಾರೇ ಆಗಲಿ ಗರಗಸದಂಚಿನ ಪುಟ್ಟ ಹಸಿರು ತುಣುಕೊಂದನ್ನು ಕಿತ್ತು ಕೊಡುತ್ತಾರೆ. ಅದು ಎಲೆಯಲ್ಲ, ಕಿರುಎಲೆ. ಗೇಣುದ್ದದ ಕಡ್ಡಿ, ಅದರ ಎರಡೂ ಬದಿಯ ಹಸಿರು, ಎಲ್ಲ ಸೇರಿದರೆ ಬೇವಿನ ಒಂದು ಎಲೆ.

ಅದನ್ನು ಹೇಳುವುದು ಮೊಗ್ಗು. ಎಲೆ ರೆಂಬೆಗೆ ಕೂಡುವ ಕಂಕುಳಲ್ಲಿ ಸಾಸಿವೆಯಂಥ ಮೊಗ್ಗೊಂದು ಕೂತಿರುತ್ತದೆ. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ. ಹೊಲಕ್ಕೆ ಬಾಂದುಕಲ್ಲು ಇದ್ದಂತೆ: ಒಳಗೆ ಎಷ್ಟು ಮಡಿ ಮಾಡಿದರೂ ಹೊಲ ಒಂದೇ. ಮನೆಯಲ್ಲಿ ಕೋಣೆಗಳು ಹತ್ತಿದ್ದರೂ ತಲೆಬಾಗಿಲು ಒಂದೇ. ಬಳ್ಳಾರಿ ಜಾಲಿಯಲ್ಲೂ ಹೀಗೇ ನೋಡಿ, ಮುಳ್ಳಿನ ಎಚ್ಚರವಿರಲಿ.

ನುಗ್ಗೆಸೊಪ್ಪು ಬಿಡಿಸಿದ ಮೇಲೆ ಉಳಿಯುವ ಕಡ್ಡಿಯನ್ನು ಕೈಯಲ್ಲಿ ಹಿಡಿಯಿರಿ. ಬುಡದಿಂದ ಮೊದಲ ಕವಲಿನವರೆಗಿನ ಬೋಳು ಭಾಗವೇ ಎಲೆತೊಟ್ಟು, ಇಂಗ್ಲಿಷಿನಲ್ಲಿ ಪೆಟಿಯೋಲ್. ಅಲ್ಲಿಂದಾಚೆಯ ನಡುಗಡ್ಡಿ ರೇಕಿಸ್. ಕಿರುಎಲೆಯ ಸ್ವಂತ ತೊಟ್ಟು ಪೆಟಿಯೋಲ್ಯೂಲ್.

ಪೆಟಿಯೋಲ್ ಉಚ್ಚಾರದಲ್ಲಿ ಒತ್ತು 'ಪೆ' ಮೇಲೆ. 'ರೇಶಿಯೋ' ನೆನಪಿನಲ್ಲಿ 'ಪೆಶಿಯೋಲ್' ಎನ್ನಬಾರದು. ರೇಕಿಸ್ ಅನ್ನು 'ರಾಚಿಸ್' ಎನ್ನುವುದೂ ತಪ್ಪು. ಗ್ರೀಕ್ ಮೂಲದ ಪದವಾದ್ದರಿಂದ ಅಲ್ಲಿ 'ಕ' ಸದ್ದು.

ಲ್ಯಾಟಿನ್ನಿನ ಪೆಟಿಯೋಲಸ್ ಎಂದರೆ ಪುಟ್ಟ ಕಾಲು. ಹೂಗೊಂಚಲ ತೊಟ್ಟಾದ ಪಿಡಂಕಲ್, ಬಿಡಿಹೂವಿನ ತೊಟ್ಟಾದ ಪೆಡಿಸೆಲ್, ಇವುಗಳ ಮೂಲವೂ ಪುಟ್ಟ ಕಾಲೇ! ನಾವು ಎಲ್ಲಕ್ಕೂ ತೊಟ್ಟು, ದೇಟು ಅನ್ನುವಂತೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1751ರ ತನ್ನ ಪುಸ್ತಕ 'ಫಿಲಾಸಫಿಯಾ ಬೊಟಾನಿಕಾ'ದಲ್ಲಿ ಪೆಟಿಯೋಲಸ್ ಎಲೆಗೆ, ಪಿಡಂಕ್ಯುಲಸ್ ಹೂಕಾಯಿಗೆ ಎಂದು ಬೇರೆ ಮಾಡಿದ. ಹಾಗಾಗಿ ಮೆಣಸಿನಕಾಯಿಯ ತೊಟ್ಟು ಪೆಟಿಯೋಲ್ ಅಲ್ಲ, ಪೆಡಿಸೆಲ್.

ಗಾಳಿ ಕಾಣದಿದ್ದರೂ ಅರಳಿ ಎಲೆ ನಡುಗಿದರೆ ದೆವ್ವ ಎಂದು ಮಕ್ಕಳನ್ನು ಹೆದರಿಸುವುದನ್ನು ದಯವಿಟ್ಟು ಬಿಡಿ. ಅದರ ತೊಟ್ಟು ಉದ್ದ, ಸಪೂರ. ಅಗಲವಾದ ಎಲೆ ಅದಕ್ಕೆ ಜೋತುಬಿದ್ದಿರುತ್ತದೆ. ನಮ್ಮ ಮೈಗೆ ತಾಕದಷ್ಟು ಗಾಳಿಯೂ ಅದಕ್ಕೆ ಸಾಕು.

ಕೊಪ್ಪಳದ ದ್ರಾಕ್ಷಿ ಬೆಳೆಗಾರರಿಗಂತೂ ತೊಟ್ಟು ಯಾವುದು, ಎಲೆ ಯಾವುದು ಎಂಬ ಭೇದ ದುಡ್ಡಿನ ಮಾತು. ಪೋಷಕಾಂಶ ಪರೀಕ್ಷೆಗೆ ಕೇಳುವುದು ತೊಟ್ಟು, ಎಲೆಯಲ್ಲ. ಹೂ ತುಂಬಿ ಅರಳಿದಾಗ, ಗೊಂಚಲಿನ ಎದುರಿಗಿರುವ ಎಲೆಯನ್ನೇ ಕಿತ್ತು, ಹಾಳೆಯನ್ನು, ಅಂದರೆ ಎಲೆಯ ಅಗಲವಾದ ಹಸಿರು ಭಾಗವನ್ನು, ಅಲ್ಲಿಯೇ ಮುರಿದು ಬಿಸಾಡಿ. ತೋಟದ ಎಲ್ಲ ಕಡೆಯಿಂದ ಸುಮಾರು ನೂರು ತೊಟ್ಟು ಬೇಕು. ರೋಗ ಬಿದ್ದ ಎಲೆಯದು ಬೇಡ. ಕಾಗದದ ಚೀಲವೇ ಇರಲಿ. ಪ್ಲಾಸ್ಟಿಕ್‌ನಲ್ಲಿ ಬೆವತು ಕೊಳೆಯುತ್ತದೆ. ಹಾಳೆಯಲ್ಲಿ ಸಾರಜನಕ ತೊಟ್ಟಿಗಿಂತ ಬಹಳ ಹೆಚ್ಚು. ಹಾಳೆ ಬೆರೆತರೆ ವರದಿಯಲ್ಲಿ ಸಾರಜನಕ ಸಾಕಷ್ಟಿದೆ ಎಂದು ಬರುತ್ತದೆ, ನೀವು ಗೊಬ್ಬರ ತಡೆಯುತ್ತೀರಿ, ಬಳ್ಳಿ ಹಸಿದೇ ಇರುತ್ತದೆ.