ನೂರು ಕಂಪ್ಯೂಟರಿಗೆ ಒಂದೇ ಕೀಬೋರ್ಡು

ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ನೂರಕ್ಕೂ ಜಾಸ್ತಿ ಆಲ್ಟೊ ಕಂಪ್ಯೂಟರುಗಳಿದ್ದವು. ಎಲ್ಲವೂ ಈಥರ್‌ನೆಟ್ ಕೇಬಲಿನಲ್ಲಿ ಒಂದಕ್ಕೊಂದು ಸೇರಿಕೊಂಡಿದ್ದವು. ರಾತ್ರಿ ಜನ ಮನೆಗೆ ಹೋದ ಮೇಲೆ ಅವು ಸುಮ್ನೆ ಕೂತಿರುತ್ತಿದ್ದವು. ಹೀಗೆ ಖಾಲಿ ಕೂತ ಯಂತ್ರಗಳನ್ನು ತಾನೇ ಹುಡುಕಿಕೊಂಡು, ಅವುಗಳ ಮೇಲೆಲ್ಲ ಹರಡಿ ಕೆಲಸ ಮಾಡುವ ಒಂದು ಪ್ರೋಗ್ರಾಮನ್ನು ಜಾನ್ ಶೋಕ್ ಮತ್ತು ಜಾನ್ ಹಪ್ ಬರೆದರು. ಅದನ್ನು ಹುಳು ಎಂದು ಕರೆದರು.

ಒಂದು ರಾತ್ರಿ ಸಣ್ಣದೊಂದು ಹುಳುವನ್ನು ಓಡಲು ಬಿಟ್ಟು ಹೋದರು. ಬೆಳಿಗ್ಗೆ ಬಂದು ನೋಡಿದರೆ ಎಲ್ಲೆಲ್ಲೂ ಕಂಪ್ಯೂಟರುಗಳು ಕೈಕೊಟ್ಟು ಕೂತಿವೆ. ಪ್ರೋಗ್ರಾಮಿನ ಒಂದು ಪ್ರತಿ ಎಲ್ಲೋ ಕೆಟ್ಟುಹೋಗಿರಬೇಕು. ಹುಳು ಆ ಕೆಟ್ಟ ಪ್ರತಿಯನ್ನು ಹೊಸ ಯಂತ್ರಕ್ಕೆ ತುಂಬುತ್ತಿತ್ತು, ಅದು ಓಡಿದ ಕೂಡಲೇ ಯಂತ್ರ ಕ್ರ್ಯಾಶ್ ಆಗುತ್ತಿತ್ತು, ಹುಳು ಮುಂದಿನ ಯಂತ್ರ ಹುಡುಕುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಮತ್ತೆ ಬಂದು ಹತ್ತಿಕೊಳ್ಳುತ್ತಿತ್ತು. ಕೆಲವು ಯಂತ್ರಗಳು ಬೀಗ ಹಾಕಿದ ಕೋಣೆಗಳೊಳಗಿದ್ದವು, ಹೋಗಿ ನಿಲ್ಲಿಸುವಂತೆಯೂ ಇರಲಿಲ್ಲ. ಪುಣ್ಯಕ್ಕೆ, 'ಎಲ್ಲರೂ ನಿಲ್ಲಿ' ಎಂದು ಹೇಳುವ ಒಂದು ವಿಶೇಷ ಪ್ಯಾಕೆಟನ್ನು, ಅಂದರೆ ನೆಟ್‌ವರ್ಕಿನಲ್ಲಿ ಹೋಗುವ ಡೇಟಾದ ಪುಟ್ಟ ಕಟ್ಟನ್ನು, ಇಬ್ಬರೂ ಮೊದಲೇ ತಯಾರು ಮಾಡಿಟ್ಟಿದ್ದರು. ಅದನ್ನು ನೆಟ್‌ವರ್ಕಿಗೆ ಬಿಟ್ಟ ಮೇಲೆ ಹುಳು ಸತ್ತಿತು. ಜೊತೆಗೆ ನೂರು ಯಂತ್ರಗಳೂ ಸತ್ತು ಕೂತಿದ್ದವು. 1982ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರೇ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ಲ್ಯಾನ್ ಮೇಲಿರುವ, ಅಂದರೆ ಒಂದು ಆಫೀಸಿನ ಅಥವಾ ಕಟ್ಟಡದ ಒಳಗಿನ ನೆಟ್‌ವರ್ಕಿನಲ್ಲಿರುವ ಕಂಪ್ಯೂಟರುಗಳನ್ನೆಲ್ಲ ಒಂದೇ ಕಡೆ ಕೂತು ನೋಡಿಕೊಳ್ಳುವ ಸಾಫ್ಟ್‌ವೇರ್‌ಗಳ ಕಥೆಯೆಲ್ಲ ಈ ಒಂದು ರಾತ್ರಿಯಲ್ಲೇ ಇದೆ ಎಂದು ನನಗನಿಸುತ್ತದೆ. ಒಂದೇ ಆಜ್ಞೆಯನ್ನು ನೂರು ಯಂತ್ರಗಳಿಗೆ ಮುಟ್ಟಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಅದು ತಪ್ಪು ಆಜ್ಞೆಯಾಗಿದ್ದರೆ ನೂರಕ್ಕೂ ಮುಟ್ಟುವ ಮೊದಲೇ ತಡೆಯುವುದು ಕಷ್ಟ. ಒಳ್ಳೆಯ ಟೂಲ್ ಯಾವುದು ಅಂತ ಗೊತ್ತಾಗುವುದು ಅಲ್ಲೇ.

ಮೊದಲು, ಯಾರು ಯಾರಿದ್ದಾರೆ ಅಂತ ಗೊತ್ತಾಗಬೇಕಲ್ವಾ? ನೆಟ್‌ವರ್ಕ್ ನೋಡಿಕೊಳ್ಳುವವರನ್ನು 'ನಿಮ್ಮಲ್ಲಿ ಎಷ್ಟು ಯಂತ್ರಗಳಿವೆ' ಎಂದು ಕೇಳಿ ನೋಡಿ. ಹೆಚ್ಚಿನವರು ಒಂದು ಅಂದಾಜು ಹೇಳುತ್ತಾರೆ. ಪಟ್ಟಿಯಲ್ಲಿರುವುದು ಒಂದು, ಕೇಬಲಿನ ತುದಿಯಲ್ಲಿರುವುದು ಇನ್ನೊಂದು.

ಎಲ್ಲರಿಗೂ ಗೊತ್ತಿರುವ ಉಪಾಯ ಪಿಂಗ್. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಇದನ್ನು 1983ರ ಡಿಸೆಂಬರಿನಲ್ಲಿ ಬರೆದರು. ಒಂದು ಪುಟ್ಟ ಪ್ಯಾಕೆಟ್ ಹೋಗುತ್ತದೆ, ಆ ಕಡೆಯ ಯಂತ್ರ ಅದನ್ನೇ ವಾಪಸ್ ಕಳಿಸುತ್ತದೆ, ಎಷ್ಟು ಹೊತ್ತು ಹಿಡಿಯಿತು ಎಂದು ಗೊತ್ತಾಗುತ್ತದೆ. ಆದರೆ ಈಗಿನ ಎಷ್ಟೋ ಕಂಪ್ಯೂಟರುಗಳಲ್ಲಿ ಹೊರಗಿನ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಯಂತ್ರ ಇಲ್ಲ ಅಂತಲ್ಲ.

ಒಂದೇ ಲ್ಯಾನಿನೊಳಗೆ ಇದಕ್ಕಿಂತ ಚೆನ್ನಾಗಿ ನಡೆಯುವ ದಾರಿಯಿದೆ. 192.168.1.20 ಎಂಬ ವಿಳಾಸಕ್ಕೆ ಏನಾದರೂ ಕಳಿಸಬೇಕಾದರೆ ಆ ಯಂತ್ರದ ನೆಟ್‌ವರ್ಕ್ ಕಾರ್ಡಿನ 48 ಬಿಟ್‌ಗಳ ಮ್ಯಾಕ್ ವಿಳಾಸ ಬೇಕು. ಅದಕ್ಕಾಗಿ ಇಡೀ ನೆಟ್‌ವರ್ಕಿಗೆ ಕೇಳುವಂತೆ ಒಂದು ಪ್ರಶ್ನೆ ಹೋಗುತ್ತದೆ: 192.168.1.20 ಯಾರು? ಆ ವಿಳಾಸದ ಯಂತ್ರ 'ನಾನು, ನನ್ನ ಮ್ಯಾಕ್ ಇದು' ಎನ್ನುತ್ತದೆ. ಇದಕ್ಕೆ ಎಆರ್‌ಪಿ ಎಂದು ಹೆಸರು. 1982ರಿಂದ ಇದೆ. ಫೈರ್‌ವಾಲ್ ಎಷ್ಟೇ ಬಿಗಿಯಾಗಿದ್ದರೂ ಯಂತ್ರ ಈ ಪ್ರಶ್ನೆಗೆ ಬಾಯಿ ಬಿಡಲೇಬೇಕು. ಇಲ್ಲದಿದ್ದರೆ ಯಾರೂ ಅದಕ್ಕೆ ಏನನ್ನೂ ಕಳಿಸಲಾಗುವುದಿಲ್ಲ. ಅದಕ್ಕೇ ಎನ್‌ಮ್ಯಾಪ್‌ನಂಥ ಹುಡುಕಾಟದ ಟೂಲ್‌ಗಳು ತಮ್ಮದೇ ಲ್ಯಾನಿನಲ್ಲಿ ಪಿಂಗ್ ಬದಲು ಎಆರ್‌ಪಿಯನ್ನೇ ಬಳಸುತ್ತವೆ. ವಿಳಾಸದ ಕೊನೆಯ ಸಂಖ್ಯೆಯನ್ನು 1ರಿಂದ 254ರವರೆಗೆ ಬದಲಿಸುತ್ತಾ ಒಂದೊಂದು ವಿಳಾಸಕ್ಕೂ ಇದೇ ಪ್ರಶ್ನೆ ಕೇಳುತ್ತಾ ಹೋದರೆ, ಕೆಲವೇ ಸೆಕೆಂಡಿನಲ್ಲಿ ಹಾಜರಿ ಮುಗಿಯುತ್ತದೆ.

ಮ್ಯಾಕ್ ವಿಳಾಸದ ಮೊದಲ 24 ಬಿಟ್‌ಗಳು ಕಾರ್ಡ್ ತಯಾರಿಸಿದ ಕಂಪನಿಯ ಗುರುತು. ಹಾಗಾಗಿ ಇದು ಪ್ರಿಂಟರ್, ಇದು ಕ್ಯಾಮೆರಾ ಎಂದು ಊಹಿಸಬಹುದು. ಫೋನುಗಳು ಮಾತ್ರ ಈ ಆಟ ಕೆಡಿಸಿವೆ. ಖಾಸಗಿತನ ಕಾಪಾಡಲೆಂದು ಅವು ವೈಫೈಗೆ ಸೇರುವಾಗ ಸುಳ್ಳು ಮ್ಯಾಕ್ ಹೇಳುತ್ತವೆ. ಫೋನ್ ಇಟ್ಟುಕೊಂಡವರಿಗೆ ಅದು ಒಳ್ಳೆಯದೇ. ಪಟ್ಟಿ ಬರೆಯುವವನಿಗೆ ತಲೆನೋವು.

ಯಂತ್ರ ಆಫ್ ಆಗಿದ್ದರೆ? ಅದಕ್ಕೂ ಒಂದು ದಾರಿಯಿದೆ. ನನಗೆ ಇಷ್ಟವಾದ ದಾರಿ ಇದು. ಕಂಪ್ಯೂಟರನ್ನು ಆಫ್ ಮಾಡಿದರೂ ಪ್ಲಗ್ ಹಾಕಿದ್ದರೆ ಒಳಗೆ ಒಂದಿಷ್ಟು ಕರೆಂಟ್ ಹರಿಯುತ್ತಿರುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಮು) ಅವಕಾಶ ಕೊಟ್ಟಿದ್ದರೆ ನೆಟ್‌ವರ್ಕ್ ಕಾರ್ಡ್ ಅಷ್ಟರಲ್ಲೇ ಅರೆನಿದ್ದೆಯಲ್ಲಿ ಕೇಬಲಿಗೆ ಕಿವಿಗೊಟ್ಟಿರುತ್ತದೆ. ಅದಕ್ಕೆ ಬೇರೇನೂ ಅರ್ಥವಾಗುವುದಿಲ್ಲ. ಒಂದೇ ಒಂದು ವಿನ್ಯಾಸ ಗೊತ್ತು: ಮೊದಲು 255 ಎಂಬ ಸಂಖ್ಯೆ 6 ಸಲ, ಆಮೇಲೆ ತನ್ನದೇ ಮ್ಯಾಕ್ ವಿಳಾಸ 16 ಸಲ. ಒಟ್ಟು 102 ಬೈಟ್. ಇದಕ್ಕೆ ಮ್ಯಾಜಿಕ್ ಪ್ಯಾಕೆಟ್ ಎನ್ನುತ್ತಾರೆ. ಇದು ಕಣ್ಣಿಗೆ ಬಿದ್ದ ಕೂಡಲೇ ಕಾರ್ಡ್ ಮದರ್‌ಬೋರ್ಡಿಗೆ ಏಳು ಅನ್ನುತ್ತದೆ. ಹದಿನಾರು ಸಲ ಯಾಕೆ ಅಂದರೆ, ಮಾಮೂಲಿ ಡೇಟಾದ ನಡುವೆ ಅಕಸ್ಮಾತ್ ಇಂಥ ಸಾಲು ಬರುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಮಲಗಿದ ಯಂತ್ರಕ್ಕೆ ಎಆರ್‌ಪಿ ಪ್ರಶ್ನೆಗೆ ಉತ್ತರ ಕೊಡಲು ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಈ ಪ್ಯಾಕೆಟ್ ಎಲ್ಲರಿಗೂ ಬ್ರಾಡ್‌ಕಾಸ್ಟ್ ಆಗಿ ಹೋಗುತ್ತದೆ. ಒಂದು ನೆಟ್‌ವರ್ಕನ್ನು ಇನ್ನೊಂದಕ್ಕೆ ಸೇರಿಸುವ ರೂಟರುಗಳು ಇಂಥ ಬ್ರಾಡ್‌ಕಾಸ್ಟನ್ನು ಸಾಮಾನ್ಯವಾಗಿ ದಾಟಿಸುವುದಿಲ್ಲವಾದ್ದರಿಂದ ಇದು ಅಪ್ಪಟ ಲ್ಯಾನಿನೊಳಗಿನ ವಿದ್ಯೆ. 'ಎದ್ದೆ' ಎಂಬ ಉತ್ತರವೂ ಬರುವುದಿಲ್ಲ. ಕಳಿಸಿ, ಸ್ವಲ್ಪ ಕಾದು, ಮತ್ತೆ ಹುಡುಕಿ ನೋಡಬೇಕು ಅಷ್ಟೇ.

ಎದ್ದ ಯಂತ್ರಗಳ ಆರೋಗ್ಯ ವಿಚಾರಿಸಲು 1988ರಲ್ಲಿ ಎಸ್‌ಎನ್‌ಎಂಪಿ ಎಂಬ ಪದ್ಧತಿ ಬಂತು. ಪ್ರಿಂಟರಿನ ಟೋನರ್ ಎಷ್ಟಿದೆ, ನೆಟ್‌ವರ್ಕ್ ಕೇಬಲುಗಳನ್ನೆಲ್ಲ ಸೇರಿಸುವ ಸ್ವಿಚ್ಚಿನ ಯಾವ ಪೋರ್ಟಿನಲ್ಲಿ ಎಷ್ಟು ಡೇಟಾ ಹರಿಯಿತು, ಎಲ್ಲಕ್ಕೂ ಒಂದೊಂದು ಸಂಖ್ಯೆಯ ವಿಳಾಸ. ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬುದನ್ನು ಇದು ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ, 32 ಬಿಟ್‌ಗಳಲ್ಲಿ ಇಡುತ್ತದೆ. ಆ ಲೆಕ್ಕ ತುಂಬುವುದು ಸುಮಾರು 497 ದಿನಕ್ಕೆ. ಆಮೇಲೆ ಮತ್ತೆ ಸೊನ್ನೆ. ಸುಮಾರು ಹದಿನಾರು ತಿಂಗಳಿಂದ ಗಟ್ಟಿಯಾಗಿ ನಿಂತಿರುವ ಸ್ವಿಚ್ಚು 'ನಾನು ಈಗಷ್ಟೇ ಶುರುವಾದೆ' ಎಂದು ವರದಿ ಮಾಡಿದರೆ ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದ್ದು ಬೇರೆಯೇ ಇದೆ. ಇದರ ಹಳೆಯ ಆವೃತ್ತಿಗಳಲ್ಲಿ ಪಾಸ್‌ವರ್ಡ್ ಬಯಲಲ್ಲೇ ಓಡಾಡುತ್ತದೆ, ಮತ್ತು ಎಷ್ಟೋ ಉಪಕರಣಗಳಲ್ಲಿ ಆ ಪಾಸ್‌ವರ್ಡ್ 'ಪಬ್ಲಿಕ್' ಎಂದೇ ಇತ್ತು!

ಇಷ್ಟು ಹೊತ್ತು ಬರೀ ನೋಡುವ ಮಾತಾಯಿತು. ದೂರದ ಯಂತ್ರವನ್ನು ಬದಲಿಸುವಾಗಲೇ ನಿಜವಾದ ಕಷ್ಟ ಶುರು.

ಮೊದಲು, ದೂರದ ಯಂತ್ರಕ್ಕೆ ಲಾಗಿನ್ ಆಗಿ ಆಜ್ಞೆ ಕೊಡಲು ಟೆಲ್‌ನೆಟ್ ಇತ್ತು. ಅದರಲ್ಲೂ ಪಾಸ್‌ವರ್ಡ್ ಬಯಲಲ್ಲೇ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕೂತು ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿದ್ದು ಗೊತ್ತಾಯಿತು. ಅಲ್ಲಿದ್ದ ತಾತು ಯ್ಲೋನೆನ್ ಅದೇ ವರ್ಷ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದರು. ಲಿನಕ್ಸ್ ಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವವರು ಇಂದಿಗೂ ಕೈಗೆತ್ತಿಕೊಳ್ಳುವುದು ಅದನ್ನೇ.

ಎಸ್‌ಎಸ್‌ಎಚ್ ಇದ್ದ ಮೇಲೆ ಒಂದು ಸ್ಕ್ರಿಪ್ಟ್ (ಸಾಲಾಗಿ ಓಡುವ ಆಜ್ಞೆಗಳ ಪಟ್ಟಿ) ಬರೆದು ಅರವತ್ತು ಯಂತ್ರಗಳಲ್ಲೂ ಓಡಿಸಿದರೆ ಆಯಿತಲ್ಲ? ಮೊದಲ ಸಲ ಆಗುತ್ತದೆ. ಸ್ಕ್ರಿಪ್ಟಿನ ಕೆಲಸ, ಒಂದು ಸೆಟ್ಟಿಂಗ್ ಫೈಲಿನ ಕೊನೆಗೆ ಒಂದು ಸಾಲು ಸೇರಿಸುವುದು ಎಂದುಕೊಳ್ಳಿ. ಅರವತ್ತರಲ್ಲಿ ಐವತ್ತೆರಡು ಯಂತ್ರಗಳಲ್ಲಿ ಓಡಿತು, ಎಂಟು ಆಫ್ ಆಗಿದ್ದವು. ಮರುದಿನ ಮತ್ತೆ ಓಡಿಸುತ್ತೀರಿ. ಆ ಎಂಟರಲ್ಲಿ ಐದಕ್ಕೆ ಹೋಯಿತು. ಆದರೆ ಮೊದಲಿನ ಐವತ್ತೆರಡರಲ್ಲಿ ಈಗ ಅದೇ ಸಾಲು ಎರಡೆರಡು ಸಲ ಇದೆ. ಮೂರನೇ ದಿನ ಮೂರು ಸಲ. ಯಾವ ಯಂತ್ರ ಯಾವ ಸ್ಥಿತಿಯಲ್ಲಿದೆ ಎಂದು ಈಗ ಹೇಳುವವರು ಯಾರೂ ಇಲ್ಲ.

ನಾರ್ವೆಯ ಓಸ್ಲೋದಲ್ಲಿದ್ದ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಎಂಬ ಟೂಲ್ ಬರೆದಾಗ ಇದನ್ನು ತಲೆಕೆಳಗು ಮಾಡಿದರು. 'ಸಾಲು ಸೇರಿಸು' ಎನ್ನಬೇಡಿ, 'ಈ ಸಾಲು ಅಲ್ಲಿರಬೇಕು' ಎನ್ನಿ. ಟೂಲ್ ಮೊದಲು ಹೋಗಿ ನೋಡುತ್ತದೆ. ಇದ್ದರೆ ಕೈ ಹಾಕುವುದಿಲ್ಲ. ಇಲ್ಲದಿದ್ದರೆ ಮಾತ್ರ ಸೇರಿಸುತ್ತದೆ. ಹತ್ತು ಸಲ ಓಡಿಸಿ, ಫಲಿತಾಂಶ ಒಂದೇ. ಮುಂದೆ ಬಂದ ಪಪೆಟ್, ಶೆಫ್, ಆನ್ಸಿಬಲ್ ಎಲ್ಲವೂ ಇದೇ ದಾರಿ ಹಿಡಿದವು. ಲ್ಯಾನ್ ನಿರ್ವಹಣೆಯಲ್ಲಿ ಇದಕ್ಕಿಂತ ದೊಡ್ಡ ಯೋಚನೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

2012ರಲ್ಲಿ ಬಂದ ಆನ್ಸಿಬಲ್ ಓಡುವುದನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ದೂರದ ಯಂತ್ರದಲ್ಲಿ ಇದರ ಏಜೆಂಟ್ ಪ್ರೋಗ್ರಾಮ್ ಏನೂ ಬೇಕಿಲ್ಲ, ಲಿನಕ್ಸ್ ಆದರೆ ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು. ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ ಹಳದಿ ಸಾಲುಗಳು ಬರುತ್ತವೆ: ಈ ಯಂತ್ರ ಬದಲಾಯಿತು, ಇದೂ ಬದಲಾಯಿತು. ಎರಡನೇ ಸಲ ಎಲ್ಲವೂ ಹಸಿರು, ಕೊನೆಯಲ್ಲಿ 'ಬದಲಾದದ್ದು 0'. ಆ ಸೊನ್ನೆ ನೋಡಿದರೇ ಸಮಾಧಾನ. ನಡುವೆ ಒಂದು ಹಳದಿ ಬಂದರೆ ಆ ಯಂತ್ರದಲ್ಲಿ ಯಾರೋ ಕೈಯಾಡಿಸಿರಬಹುದು ಎಂದು ಅರ್ಥ.

ಇನ್ನೊಂದು ಚಿಕ್ಕ ಸಂಗತಿ. ನಾವಾಗಿ ಬದಲಿಸದಿದ್ದರೆ ಆನ್ಸಿಬಲ್ ಒಂದು ಸಲಕ್ಕೆ ಐದೇ ಯಂತ್ರಗಳ ಮೇಲೆ ಕೆಲಸ ಮಾಡುತ್ತದೆ. ಜಾಸ್ತಿ ಮಾಡಬಹುದು, ಎಷ್ಟೋ ಜನ ಮಾಡುತ್ತಾರೆ. ವಿಂಡೋಸ್ ಲೋಕದಲ್ಲೂ ಇಂಥ ನಿಧಾನವಿದೆ. ಆಫೀಸಿನ ಬಳಕೆದಾರರು ಮತ್ತು ಯಂತ್ರಗಳ ಪಟ್ಟಿ ಇಡುವ ಆಕ್ಟಿವ್ ಡೈರೆಕ್ಟರಿಯಲ್ಲಿ ಗ್ರೂಪ್ ಪಾಲಿಸಿ, ಅಂದರೆ ಯಂತ್ರಗಳಿಗೆಲ್ಲ ಅನ್ವಯಿಸುವ ಸೆಟ್ಟಿಂಗ್, ಬದಲಿಸಿದರೆ ಅದು ತಕ್ಷಣ ಎಲ್ಲ ಕಡೆ ಬರುವುದಿಲ್ಲ. ಒಂದೊಂದು ಯಂತ್ರವೂ 90 ನಿಮಿಷಕ್ಕೊಮ್ಮೆ ಹೋಗಿ ಕೇಳುತ್ತದೆ. ಅದಕ್ಕೆ ಮತ್ತೆ ಸೊನ್ನೆಯಿಂದ 30 ನಿಮಿಷದೊಳಗಿನ ಯಾವುದೋ ಒಂದು ಸಂಖ್ಯೆಯನ್ನು ಮನಬಂದಂತೆ ಸೇರಿಸಿಕೊಳ್ಳುತ್ತದೆ. ಸರ್ವರಿನ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳದಿರಲಿ ಎಂದು ಈ ಏರ್ಪಾಡು. ಬದಲಾವಣೆ ಮಾಡಿದವರಿಗೆ ಇದು ಕಿರಿಕಿರಿ. ಆದರೆ ತಪ್ಪು ಮಾಡಿದ್ದೀರಿ ಎಂದುಕೊಳ್ಳಿ, ಮೊದಲ ಹತ್ತು ನಿಮಿಷದಲ್ಲಿ ಫೋನ್ ಬಂದರೆ ಹೆಚ್ಚಿನ ಯಂತ್ರಗಳಿಗೆ ಆ ತಪ್ಪು ಇನ್ನೂ ತಲುಪಿರುವುದಿಲ್ಲ.

ನಿಧಾನವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಜೂನ್ 27 ತೋರಿಸಿತು. ಉಕ್ರೇನಿನ ಲೆಕ್ಕಪತ್ರ ಸಾಫ್ಟ್‌ವೇರ್ ಒಂದರ ಅಪ್‌ಡೇಟ್ ಮೂಲಕ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಒಳಗೆ ಬಂತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮುಚ್ಚಿದ್ದ ಒಂದು ದೋಷವನ್ನು ಅದು ಬಳಸಿತು, ನಿಜ. ಆದರೆ ಆ ದೋಷ ಮುಚ್ಚಿದ್ದ ಯಂತ್ರಗಳೂ ಬಿದ್ದವು. ಯಾಕೆಂದರೆ ಅದು ಮೆಮೊರಿಯಲ್ಲಿ ಉಳಿದಿದ್ದ ಅಡ್ಮಿನ್ (ಯಂತ್ರಗಳನ್ನು ನೋಡಿಕೊಳ್ಳುವವರ) ಪಾಸ್‌ವರ್ಡ್‌ಗಳನ್ನು ಕದ್ದು, ಪಿಎಸ್‌ಎಕ್ಸೆಕ್ ಮತ್ತು ಡಬ್ಲ್ಯುಎಂಐ ಮೂಲಕ ಪಕ್ಕದ ಯಂತ್ರಗಳಿಗೆ ಹಾರುತ್ತಿತ್ತು. ಇವೆರಡೂ ಅಡ್ಮಿನ್‌ಗಳು ದೂರದ ಯಂತ್ರಗಳಲ್ಲಿ ಆಜ್ಞೆ ಓಡಿಸಲು ದಿನಾ ಬಳಸುವ ಸಾಚಾ ಟೂಲ್‌ಗಳು! ಲ್ಯಾನಿನ ಕಣ್ಣಿಗೆ ಅದು ಅಡ್ಮಿನ್ ಮಾಡುತ್ತಿರುವ ಕೆಲಸದಂತೆಯೇ ಕಂಡಿತು.

ಹಡಗು ಕಂಪನಿ ಮೇರ್ಸ್ಕ್ ಹತ್ತು ದಿನಗಳಲ್ಲಿ 4,000 ಸರ್ವರ್ ಮತ್ತು 45,000 ಪಿಸಿಗಳನ್ನು ಮತ್ತೆ ಹೊಸದಾಗಿ ಕಟ್ಟಬೇಕಾಯಿತು. ಯಾರು ಯಾವ ಯಂತ್ರ ಬಳಸಬಹುದು ಎಂಬ ಲೆಕ್ಕ ಇಟ್ಟುಕೊಳ್ಳುವ ಡೊಮೇನ್ ಕಂಟ್ರೋಲರುಗಳು ಒಂದರ ನಕಲು ಇನ್ನೊಂದರಲ್ಲಿ ಇಟ್ಟುಕೊಂಡಿದ್ದವು. ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ. ಹೋಗಿದ್ದು ಎಲ್ಲವೂ. ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು, ಅದೂ ಅಲ್ಲಿ ಕರೆಂಟ್ ಹೋಗಿ ನೆಟ್‌ವರ್ಕಿನಿಂದ ಹೊರಗಿತ್ತು ಎಂಬ ಕಾರಣಕ್ಕೆ.

ಇದಾದ ಮೇಲೂ ಅವಸರ ಕಡಿಮೆಯಾಗಲಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ದೋಷವಿದ್ದ ಅಪ್‌ಡೇಟ್ ಒಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಕಂಪನಿ ಅದನ್ನು ವಾಪಸ್ ತೆಗೆದುಕೊಂಡದ್ದು 78 ನಿಮಿಷಗಳಲ್ಲಿ. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಮೊದಲು ನೂರಕ್ಕೆ ಒಂದರಷ್ಟು ಯಂತ್ರಗಳಿಗೆ ಬಿಟ್ಟು ಒಂದು ಗಂಟೆ ಕಾದಿದ್ದರೆ? ಈ ಬಗೆಯ ಹಂತ ಹಂತದ ಬಿಡುಗಡೆ ಆ ಕಂಪನಿಯಲ್ಲಿ ಇಂಥ ಅಪ್‌ಡೇಟ್‌ಗಳಿಗೆ ಶುರುವಾದದ್ದು ಆಮೇಲೆ.

ಬಿದ್ದ ಯಂತ್ರಗಳನ್ನು ಎಬ್ಬಿಸಲು ಬಹಳಷ್ಟು ಕಡೆ ಜನ ಒಂದೊಂದರ ಮುಂದೆಯೂ ಕೂತು, ಸೇಫ್ ಮೋಡ್‌ಗೆ ಹೋಗಿ, ಒಂದು ಫೈಲ್ ಅಳಿಸಬೇಕಾಯಿತು. ಇಲ್ಲಿಯವರೆಗೆ ಹೇಳಿದ ಎಸ್‌ಎಸ್‌ಎಚ್, ಆನ್ಸಿಬಲ್, ಗ್ರೂಪ್ ಪಾಲಿಸಿ ಯಾವುದೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವೆಲ್ಲಕ್ಕೂ ಆ ಕಡೆ ಒಂದು ಆಪರೇಟಿಂಗ್ ಸಿಸ್ಟಂ ಎದ್ದು ಕೂತಿರಬೇಕು. ಸರ್ವರುಗಳಲ್ಲಿ ಇದಕ್ಕೆಂದೇ ಬಿಎಂಸಿ ಎಂಬ ಬೇರೆ ಚಿಪ್ ಇರುತ್ತದೆ, ಕೆಲವು ಆಫೀಸ್ ಪಿಸಿಗಳಲ್ಲಿ ಇಂಟೆಲ್‌ನ ಎಎಂಟಿ ಇರುತ್ತದೆ. ಮುಖ್ಯ ಯಂತ್ರ ಸತ್ತಿದ್ದರೂ ಇವು ನೆಟ್‌ವರ್ಕಿನಲ್ಲಿ ಜೀವಂತ. ದೂರದಿಂದಲೇ ಪವರ್ ಬಟನ್ ಒತ್ತಬಹುದು, ಬಯಾಸ್ ಪರದೆ ನೋಡಬಹುದು.

ಆ ಚಿಪ್ಪೂ ಒಂದು ಕಂಪ್ಯೂಟರೇ. ಅದಕ್ಕೆ ತನ್ನದೇ ಫರ್ಮ್‌ವೇರ್ (ಚಿಪ್ಪಿನೊಳಗೇ ಕೂತ ಸಾಫ್ಟ್‌ವೇರ್), ತನ್ನದೇ ಪಾಸ್‌ವರ್ಡ್, ತನ್ನದೇ ಭದ್ರತಾ ದೋಷಗಳು. 2017ರ ಮೇನಲ್ಲಿ ಬಯಲಾದ ಎಎಂಟಿ ದೋಷವೊಂದರಲ್ಲಿ, ಪಾಸ್‌ವರ್ಡಿಗೆ ಸಂಬಂಧಿಸಿದ ಉತ್ತರವನ್ನು ಖಾಲಿ ಬಿಟ್ಟರೂ ಒಳಗೆ ಬಿಡುತ್ತಿತ್ತು. ಅದಕ್ಕೇ ತಿಳಿದವರು ಈ ಚಿಪ್‌ಗಳನ್ನು ಪ್ರತ್ಯೇಕ ವಿಲ್ಯಾನ್‌ನಲ್ಲಿ, ಅಂದರೆ ಅದೇ ಕೇಬಲುಗಳ ಮೇಲೆ ಬೇರೆ ಮಾಡಿಟ್ಟ ನೆಟ್‌ವರ್ಕಿನಲ್ಲಿ, ಇಡುತ್ತಾರೆ. ಬೇರೆ ಯಂತ್ರಗಳಿಗೆ ಅಲ್ಲಿಗೆ ದಾರಿಯೇ ಇರುವುದಿಲ್ಲ. ಅಡ್ಮಿನ್ ಕೂಡ ಆ ಕಡೆ ಹೋಗುವುದು ಇಮೇಲ್ ನೋಡದ, ಬ್ರೌಸರ್ ತೆರೆಯದ, ಅದಕ್ಕೆಂದೇ ಮೀಸಲಿಟ್ಟ ಒಂದು ಕಂಪ್ಯೂಟರಿನಿಂದ.